ಕುಸಿದದ್ದು ಛಾವಣಿಯೋ, ಸೆಂಟ್ರಿಂಗೋ?

ಮಾನ್ಯ ಸಂಪಾದಕರೇ,

‘ನಿರ್ಮಾಣ ಹಂತದ ಕಟ್ಟಡದ ಛಾವಣಿ ಕುಸಿತ’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತದೆ. ಒಳಗಿನ ಸಾಲುಗಳನ್ನು ಓದಿದರೆ ಎಷ್ಟೋ ಸಲ ಕಾಂಕ್ರೀಟ್ ಹಾಕುತ್ತಿರುವಾಗಲೇ ಅವಘಡ ಆಗಿರುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಛಾವಣಿ ಎಂಬುದು ಇರಲೇ ಇಲ್ಲ. ಇದ್ದದ್ದು ಹಸಿ ಕಾಂಕ್ರೀಟು, ಅದನ್ನು ಹೊತ್ತುಕೊಂಡಿದ್ದ ಸೆಂಟ್ರಿಂಗು. ಕುಸಿದದ್ದು ಆ ಸೆಂಟ್ರಿಂಗ್. ಇದು ಬರೀ ಪದದ ತಕರಾರಲ್ಲ. ‘ಛಾವಣಿ ಕುಸಿಯಿತು’ ಎಂದು ಓದಿದವರು ಸಿಮೆಂಟನ್ನೂ ಕಂಬಿಯನ್ನೂ ಅನುಮಾನಿಸುತ್ತಾರೆ. ‘ಸೆಂಟ್ರಿಂಗ್ ಕುಸಿಯಿತು’ ಎಂದು ಓದಿದವರು ಆಸರೆಗಳನ್ನು ಎಷ್ಟು ಅಂತರಕ್ಕೆ ಕೊಟ್ಟಿದ್ದರು, ಅವುಗಳ ಬುಡದಲ್ಲಿ ಏನಿತ್ತು ಎಂದು ಕೇಳುತ್ತಾರೆ. ಪದ ತಪ್ಪಿದರೆ ವಿಚಾರಣೆಯ ದಿಕ್ಕೇ ತಪ್ಪುತ್ತದೆ.

ಸೆಂಟ್ರಿಂಗ್, ಶಟರಿಂಗ್, ಸಾರುವೆ ಈ ಮೂರೂ ಕೆಲಸದ ಸ್ಥಳದಲ್ಲಿ ಪಕ್ಕಪಕ್ಕದಲ್ಲೇ ನಿಂತಿರುತ್ತವೆ, ಹಾಗಾಗಿ ಗೊಂದಲವೂ ಸಹಜ. ಕಾಂಕ್ರೀಟಿಗೆ ಆಕಾರ ಕೊಡುವ ಹಲಗೆ ಅಥವಾ ತಗಡಿನ ಅಚ್ಚು ಶಟರಿಂಗ್. ಆ ಅಚ್ಚು ಜಗ್ಗದಂತೆ ಕೆಳಗಿನಿಂದ ಹೊರುವ ಆಸರೆ, ಅಡ್ಡತೊಲೆಗಳ ವ್ಯವಸ್ಥೆ ಸೆಂಟ್ರಿಂಗ್. ಸಾರುವೆ ಎಂಬುದು ಆಳು ನಿಂತು ಕೆಲಸ ಮಾಡಲು ಕಟ್ಟುವ ಅಟ್ಟ. ಕಾಂಕ್ರೀಟಿನ ಭಾರಕ್ಕೂ ಅದಕ್ಕೂ ಸಂಬಂಧ ಇರಕೂಡದು. ಒಂದನ್ನು ಇನ್ನೊಂದಕ್ಕೆ ಬಿಗಿದು ಕಟ್ಟಿದರೆ ಸಾರುವೆಯ ಮೇಲೆ ಓಡಾಡುವವರ ಅಲುಗಾಟವೆಲ್ಲ ಸೆಂಟ್ರಿಂಗಿಗೆ ತಾಗುತ್ತದೆ. ಆಡುಮಾತಿನಲ್ಲಿ ‘ಮೋಲ್ಡ್ ಹಾಕಿದರು’ ಎನ್ನುವುದೂ ಉಂಟು. ಮೋಲ್ಡ್ ಎಂದರೆ ಅಚ್ಚು. ಅಚ್ಚಿನ ಹೆಸರೇ ಅದರಲ್ಲಿ ಎರಕವಾದ ತಾರಸಿಗೂ ಅಂಟಿಕೊಂಡಿದೆ! ಮಾತಿನಲ್ಲಿ ಅದು ನಡೆಯಲಿ, ವರದಿಯಲ್ಲಿ ಬೇಡ.

ಆ ಆಸರೆಗಳು ಹೊರುವ ಭಾರ ಎಷ್ಟೆಂದು ಲೆಕ್ಕ ಹಾಕಿದರೆ ವಿಷಯದ ಗಾತ್ರ ಗೊತ್ತಾಗುತ್ತದೆ. ಒಂದು ಘನ ಮೀಟರ್ ಹಸಿ ಕಾಂಕ್ರೀಟ್ ಸುಮಾರು 2,400 ಕಿಲೋ ತೂಗುತ್ತದೆ. ಐದು ಇಂಚು, ಅಂದರೆ 125 ಮಿ.ಮೀ. ದಪ್ಪದ ತಾರಸಿಯಲ್ಲಿ ಪ್ರತಿ ಚದರ ಮೀಟರಿಗೆ 300 ಕಿಲೋ ಆಯಿತು. ನೂರು ಚದರ ಮೀಟರ್ ತಾರಸಿಗೆ 30 ಟನ್. ಇದರ ಮೇಲೆ ಆಳುಗಳು, ಕೈಗಾಡಿ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್, ಒಂದೇ ಕಡೆ ರಾಶಿ ಬಿದ್ದ ಕಾಂಕ್ರೀಟ್. ಈ ಭಾರ ಹೊರುವ ಕಂಬಗಳ ಬುಡ ಹಸಿ ಮಣ್ಣಿನ ಮೇಲಿದ್ದು, ಮೇಲಿನಿಂದ ಸೋರಿದ ನೀರು ಆ ಮಣ್ಣನ್ನು ಇನ್ನಷ್ಟು ಮೆತ್ತಗಾಗಿಸಿದರೆ ಒಂದು ಕಂಬ ಇಳಿಯುತ್ತದೆ. ಅದರ ಪಾಲಿನ ಭಾರ ಪಕ್ಕದ ಕಂಬಗಳ ಮೇಲೆ ಬೀಳುತ್ತದೆ. ಆಮೇಲೆ ಎಲ್ಲವೂ ಸಾಲಾಗಿ ಮಲಗುತ್ತವೆ. ಬುಡಕ್ಕೆ ಅಗಲವಾದ ಹಲಗೆ, ಕಂಬ ತೂಗುಗುಂಡಿಗೆ ಸರಿಯಾಗಿ ನೆಟ್ಟಗೆ, ಎರಡೂ ದಿಕ್ಕಿನಲ್ಲಿ ಕಂಬಗಳನ್ನು ಒಂದಕ್ಕೊಂದು ಬಿಗಿಯುವ ಓರೆಪಟ್ಟಿ, ಎತ್ತರ ಸಾಲದಿದ್ದರೆ ಇಟ್ಟಿಗೆ ಪೇರಿಸದೆ ಸರಿಯಾದ ಉದ್ದದ ಕಂಬ: ಬೇಕಾದದ್ದು ಇಷ್ಟು. ಇವುಗಳಲ್ಲಿ ಮೊದಲು ಕೈಬಿಡುವುದು ಓರೆಪಟ್ಟಿಯನ್ನೇ, ಏಕೆಂದರೆ ಓಡಾಡಲು ಅಡ್ಡ ಬರುತ್ತದೆ.

ಬಿಚ್ಚುವ ವಿಚಾರದಲ್ಲೂ ಒಂದೇ ಪದ ಹಲವು ಗಡುವುಗಳನ್ನು ಮುಚ್ಚಿಡುತ್ತದೆ. ‘ಸೆಂಟ್ರಿಂಗ್ ಯಾವಾಗ ಬಿಚ್ಚಬಹುದು?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟು, 15 ಡಿಗ್ರಿಗಿಂತ ಕಡಿಮೆಯಾಗದ ಉಷ್ಣಾಂಶ ಎಂದು ಇಟ್ಟುಕೊಂಡರೆ, ಕಾಲಂ (ಕಟ್ಟಡದ ಕಾಂಕ್ರೀಟ್ ಕಂಬ) ಮತ್ತು ಬೀಮಿನ (ಕಾಂಕ್ರೀಟ್ ತೊಲೆ) ಪಕ್ಕದ ಹಲಗೆಗಳನ್ನು 16ರಿಂದ 24 ಗಂಟೆಯಲ್ಲಿ ತೆಗೆಯಬಹುದು. ತಾರಸಿಯ ತಳದ ಹಲಗೆಯನ್ನು 3 ದಿನಕ್ಕೆ, ಬೀಮಿನ ತಳದ ಹಲಗೆಯನ್ನು 7 ದಿನಕ್ಕೆ ತೆಗೆಯಬಹುದು. ಆದರೆ ತೆಗೆದ ಕೂಡಲೇ ಆಸರೆಗಳನ್ನು ಮತ್ತೆ ಕೊಡಬೇಕು. ಆಸರೆಯನ್ನೇ ತೆಗೆಯುವುದು ತಾರಸಿಯ ಹರವು, ಅಂದರೆ ಆಧಾರದಿಂದ ಆಧಾರಕ್ಕಿರುವ ದೂರ, 4.5 ಮೀಟರ್ ತನಕ ಇದ್ದರೆ 7 ದಿನಕ್ಕೆ, ಹೆಚ್ಚಿದ್ದರೆ 14 ದಿನಕ್ಕೆ. ಬೀಮಿಗೆ 6 ಮೀಟರ್ ತನಕ 14, ಅದಕ್ಕೆ ಮೇಲೆ 21 ದಿನ. ಹಾರುಬೂದಿಯಂಥದ್ದು ಬೆರೆತು ನಿಧಾನವಾಗಿ ಬಲ ಪಡೆಯುವ ಪೊಝೊಲಾನಾ ಸಿಮೆಂಟಿಗೆ ಇನ್ನೂ ಕಾಯಬೇಕು. ಬಾಲ್ಕನಿಯಂತೆ ಒಂದೇ ಕಡೆ ಆಧಾರವಿದ್ದು ಹೊರಚಾಚಿದ ಭಾಗದ ಆಸರೆಗಳನ್ನು ತುದಿಯಿಂದ ಗೋಡೆಯತ್ತ ತೆಗೆಯುತ್ತ ಬರಬೇಕು. ಎರಡೂ ಕಡೆ ಆಧಾರವಿದ್ದರೆ ನಡುವಿನಿಂದ ಅಂಚಿನತ್ತ. ತಿರುಗುಮುರುಗಾದರೆ ಆ ತುಣುಕು ತನಗೆ ಹೇಳಿ ಮಾಡಿಸದ ರೀತಿಯಲ್ಲಿ ಬಾಗುತ್ತದೆ.

ಇನ್ನು ‘ಸಿಮೆಂಟ್’. ಸಿಮೆಂಟ್ ರಸ್ತೆ, ಸಿಮೆಂಟ್ ಕಂಬ, ಸಿಮೆಂಟ್ ಛಾವಣಿ ಎಂದು ಬರೆಯುವುದು ರೂಢಿಯಾಗಿದೆ. ಸಿಮೆಂಟ್ ಎಂದರೆ ಚೀಲದಲ್ಲಿರುವ ಬೂದು ಪುಡಿ. ಅದಕ್ಕೆ ಮರಳು, ನೀರು ಸೇರಿದರೆ ಗಾರೆ. ಜಲ್ಲಿಯೂ ಸೇರಿದರೆ ಕಾಂಕ್ರೀಟ್. ಒಳಗೆ ಕಂಬಿ ಕೂತರೆ ಆರ್‌ಸಿಸಿ. ಮೊಸರನ್ನವನ್ನು ಹೆಪ್ಪು ಎಂದು ಯಾರೂ ಕರೆಯುವುದಿಲ್ಲ, ಕಾಂಕ್ರೀಟಿಗೆ ಮಾತ್ರ ಆ ಗತಿ. ಇನ್ನೂ ಕೆಡುಕಿನ ಮಾತು ‘ಕಾಂಕ್ರೀಟ್ ಒಣಗಿತು’ ಎಂಬುದು. ಕಾಂಕ್ರೀಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುವುದರಿಂದ. ನೀರಿನಡಿಯಲ್ಲೂ ಅದು ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಮಾತ್ರ ಆ ಕೂಡುವಿಕೆ ಅರ್ಧಕ್ಕೆ ನಿಲ್ಲುತ್ತದೆ. ‘ಒಣಗಬೇಕು’ ಎಂದು ನಂಬಿದವರು ನೀರು ಹಾಕುವುದಾದರೂ ಏಕೆ? ಕ್ಯೂರಿಂಗ್ ಸೋಲುವುದಕ್ಕೆ ಈ ಒಂದು ಪದದ ಪಾಲು ದೊಡ್ಡದು.

ಕ್ಯೂರಿಂಗ್ ಎಂದರೆ ದಿನಕ್ಕೆರಡು ಸಲ ಪೈಪು ಹಿಡಿದು ಗೋಡೆಗೆ ಸ್ನಾನ ಮಾಡಿಸುವುದಲ್ಲ, ಮೇಲ್ಮೈ ಒಮ್ಮೆಯೂ ಒಣಗದಂತೆ ನೋಡಿಕೊಳ್ಳುವುದು. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ. ಒಣ ಬಿಸಿಲಿನ ಕಾಲದಲ್ಲಿ ಇವು 10 ಮತ್ತು 14 ಆಗುತ್ತವೆ. ತಾರಸಿಗೆ ಗಾರೆಯಿಂದ ಪಾತಿ ಕಟ್ಟಿ ನೀರು ನಿಲ್ಲಿಸುವುದು ಸುಲಭ. ಕಾಲಂಗೆ ನೀರು ನಿಲ್ಲುವುದಿಲ್ಲ. ಗೋಣಿತಾಟು ಸುತ್ತಿ ಅದನ್ನು ಒದ್ದೆಯಾಗಿಡಬೇಕು. ಕಟ್ಟಡದಲ್ಲಿ ಅತಿ ಹೆಚ್ಚು ಹೊರುವ ಅಂಗಕ್ಕೇ ಅತಿ ಕಡಿಮೆ ನೀರು ಸಿಗುವುದು ಹೀಗೆ.

ನೀರು ಹಾಕಬೇಕಾದ ಕಡೆ ಜಿಪುಣತನ, ಹಾಕಬಾರದ ಕಡೆ ಉದಾರತೆ. ಮಿಶ್ರಣಕ್ಕೆ ಎಷ್ಟು ನೀರು ಎಂಬುದಕ್ಕೆ ‘ನೀರು-ಸಿಮೆಂಟ್ ಅನುಪಾತ’ ಎಂಬ ಪದವಿದೆ. 0.5 ಎಂದರೆ 50 ಕಿಲೋ ಚೀಲಕ್ಕೆ 25 ಲೀಟರ್. ಸಿಮೆಂಟು ರಾಸಾಯನಿಕವಾಗಿ ಹಿಡಿದುಕೊಳ್ಳುವುದು ತನ್ನ ತೂಕದ ಕಾಲು ಭಾಗದ ಆಸುಪಾಸಿನ ನೀರನ್ನು. ಉಳಿದದ್ದು ಮಿಶ್ರಣ ಸುಲಭವಾಗಿ ಹರಡಲಿ ಎಂದು ಸೇರಿಸಿದ್ದು. ಅದು ಆಮೇಲೆ ಆವಿಯಾಗಿ, ತಾನಿದ್ದ ಜಾಗದಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟು ಹೋಗುತ್ತದೆ. ಸುರಿಯಲು ಸಲೀಸಾಗಲಿ ಎಂದು ಚೀಲಕ್ಕೆ ಇನ್ನೈದು ಲೀಟರ್ ಸೇರಿಸಿದರೆ ಅನುಪಾತ 0.6ಕ್ಕೆ ಏರುತ್ತದೆ; ಬಲ ಎದ್ದು ಕಾಣುವಷ್ಟು ಇಳಿಯುತ್ತದೆ, ಸೋರಿಕೆಯ ದಾರಿಗಳೂ ಹೆಚ್ಚುತ್ತವೆ. ಮರಳಿನಲ್ಲಿರುವ ತೇವವೂ ಈ 25 ಲೀಟರಿನ ಲೆಕ್ಕದೊಳಗೇ ಬರಬೇಕು ಎಂಬುದು ಮರೆತುಹೋಗುತ್ತದೆ. ಒಂದು ಚೀಲದ ಮಿಶ್ರಣಕ್ಕೆ ಬೇಕಾಗುವ 80 ಕಿಲೋ ಮರಳಿನಲ್ಲಿ ಶೇ 5ರಷ್ಟು ತೇವವಿದ್ದರೆ ನಾಲ್ಕು ಲೀಟರ್ ನೀರು ಆಗಲೇ ಒಳಗೆ ಬಂದಾಗಿದೆ.

ಅನುಪಾತದ ಮಾತು ಬಂದಾಗ 1:6, 1:4 ಎಂದು ಬರೆಯುತ್ತೀರಿ. ಯಾವುದರ ಆರು ಎಂದು ಹೇಳುವುದಿಲ್ಲ. ಗಾರೆಯಲ್ಲಿ 1:6 ಎಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಅದು ಗಾತ್ರದ ಲೆಕ್ಕ, ತೂಕದ್ದಲ್ಲ, ಬಾಂಡ್ಲಿಯದ್ದಂತೂ ಅಲ್ಲವೇ ಅಲ್ಲ. ಬಾಂಡ್ಲಿಯನ್ನು ಒಬ್ಬ ಗೋಪುರದಂತೆ ತುಂಬುತ್ತಾನೆ, ಇನ್ನೊಬ್ಬ ಅಂಚಿನ ಮಟ್ಟಕ್ಕೆ. 50 ಕಿಲೋ ಸಿಮೆಂಟಿನ ಗಾತ್ರ ಸುಮಾರು 35 ಲೀಟರ್. ಅಷ್ಟೇ ಹಿಡಿಯುವ ಅಳತೆಪೆಟ್ಟಿಗೆ ಮಾಡಿಸಿ, ಮೇಲ್ಭಾಗವನ್ನು ಪಟ್ಟಿಯಿಂದ ಸಮ ಮಾಡಿ ಅಳೆಯುವುದು ಸರಿಯಾದ ಕ್ರಮ. ಎಂ20 ಕಾಂಕ್ರೀಟಿಗೆ ಸಮೀಪವೆಂದು ಬಳಸುವ 1:1.5:3 ಮಿಶ್ರಣದಲ್ಲಿ ಒಂದು ಚೀಲಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಘನ ಮೀಟರಿಗೆ ಎಂಟು ಚೀಲ ಸಿಮೆಂಟು ಹಿಡಿಯುತ್ತದೆ. ಎಂ20ರ 20 ಎಂಬುದು ಚೀಲವೂ ಅಲ್ಲ, ದಿನವೂ ಅಲ್ಲ. 150 ಮಿ.ಮೀ. ಘನಾಕೃತಿಯ ಅಚ್ಚಿನಲ್ಲಿ ಎರಕ ಹೊಯ್ದು, 28 ದಿನ ನೀರಲ್ಲಿಟ್ಟು, ಯಂತ್ರದಲ್ಲಿ ಒತ್ತಿದಾಗ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳಬೇಕು ಎಂದರ್ಥ. ಹಳೆಯ ಅಳತೆಯಲ್ಲಿ ಹೇಳುವುದಾದರೆ ಚದರ ಸೆಂಟಿಮೀಟರಿಗೆ ಇನ್ನೂರು ಕಿಲೋಗೆ ತುಸು ಮೇಲೆ. 7 ದಿನಕ್ಕೆ ಅದರ ಮೂರನೇ ಎರಡು ಭಾಗದಷ್ಟು ಬಂದಿದ್ದರೆ ದಾರಿ ಸರಿಯಿದೆ.

ಒದ್ದೆ ಮರಳು ಉಬ್ಬುತ್ತದೆ ಎಂಬುದು ಅನುಭವಿ ಮೇಸ್ತ್ರಿಗಳಿಗೆ ಗೊತ್ತು, ಎಷ್ಟು ಎಂಬುದು ಗೊತ್ತಿರುವುದು ಕಡಿಮೆ. ಕಣಗಳ ಸುತ್ತ ನೀರಿನ ತೆಳು ಪೊರೆ ಕೂತು ಅವುಗಳನ್ನು ದೂರ ತಳ್ಳುವುದೇ ಕಾರಣ. ಪರೀಕ್ಷೆ ಸುಲಭ: ಗಾಜಿನ ಜಾಡಿಗೆ ಒದ್ದೆ ಮರಳನ್ನು ಒತ್ತದೆ 20 ಸೆಂ.ಮೀ. ಎತ್ತರಕ್ಕೆ ಹಾಕಿ, ನೀರು ತುಂಬಿ ಕಲಕಿ ಬಿಡಿ. ಮರಳು 16 ಸೆಂ.ಮೀ.ಗೆ ಕೂತರೆ ಉಬ್ಬು 16ಕ್ಕೆ 4, ಅಂದರೆ ಶೇ 25. ಆಗ ಆರು ಪೆಟ್ಟಿಗೆ ಬೇಕಾದ ಕಡೆ ಏಳೂವರೆ ಪೆಟ್ಟಿಗೆ ಹಾಕಬೇಕು. ಹಾಕದಿದ್ದರೆ ಗಾರೆ 1:6 ಬದಲು 1:5ರ ಹತ್ತಿರ ಬಂದು ಸಿಮೆಂಟು ವ್ಯರ್ಥವಾಗುತ್ತದೆ, ಗೋಡೆಯ ಮೇಲೆ ಕುಗ್ಗಿ ಕೂದಲೆಳೆ ಬಿರುಕು ಬಿಡುತ್ತದೆ. ಕಾಂಕ್ರೀಟಿನಲ್ಲಾದರೆ ಮರಳು ಕಡಿಮೆಯಾಗಿ ಜಲ್ಲಿಯ ನಡುವಿನ ಸಂದು ತುಂಬುವುದಿಲ್ಲ. ಪೂರ್ತಿ ಒಣಗಿದ ಮರಳಿಗೂ ನೀರಲ್ಲಿ ಮುಳುಗಿದ ಮರಳಿಗೂ ಈ ಉಬ್ಬು ಇಲ್ಲ, ನಡುವಿನ ತೇವಕ್ಕೆ ಮಾತ್ರ.

ಹಾಗೆ ತುಂಬದೆ ಉಳಿದ ಸಂದುಗಳಿಗೆ ಹನಿಕೋಂಬ್ ಎನ್ನುತ್ತಾರೆ. ಹಲಗೆ ಬಿಚ್ಚಿದಾಗ ಕಾಲಂ ಬುಡದಲ್ಲಿ ಬೋಳು ಜಲ್ಲಿ ಜೇನುಗೂಡಿನ ಹಾಗೆ ಕಾಣುವುದು ಇದೇ. ವೈಬ್ರೇಟರ್ ಹಾಕದಿರುವುದು ಒಂದು ಕಾರಣ. ಹಲಗೆಗಳ ಸಂದಿಯಿಂದ ಸಿಮೆಂಟು ಹಾಲು ಸೋರಿಹೋಗುವುದು ಇನ್ನೊಂದು. ಕಂಬಿ ಒತ್ತೊತ್ತಾಗಿ ಜಲ್ಲಿ ಇಳಿಯದಿರುವುದು ಮತ್ತೊಂದು. ಎತ್ತರದಿಂದ ಸುರಿದರೂ ಹೀಗಾಗುತ್ತದೆ: ಒಂದೂವರೆ ಮೀಟರಿಗಿಂತ ಮೇಲಿಂದ ಬಿದ್ದ ಕಾಂಕ್ರೀಟಿನಲ್ಲಿ ಜಲ್ಲಿ ಬೇರೆ, ಗಾರೆ ಬೇರೆಯಾಗುತ್ತದೆ. ಈ ಬೇರ್ಪಡುವಿಕೆಗೆ ಸೆಗ್ರಿಗೇಷನ್ ಎಂದು ಹೆಸರು, ಹನಿಕೋಂಬ್ ಅದರ ಫಲ. ಇವೆರಡನ್ನೂ ಒಂದೇ ಎಂದು ಬರೆದರೆ ಕಾರಣವನ್ನೂ ಪರಿಣಾಮವನ್ನೂ ಕಲಸಿದಂತೆ. ಹನಿಕೋಂಬ್ ಕಂಡ ತಕ್ಷಣ ಕರಣೆಯಲ್ಲಿ ಗಾರೆ ಬಳಿದು ಮುಚ್ಚುವ ಚಟವೊಂದಿದೆ, ಅದು ರಿಪೇರಿಯಲ್ಲ. ಸಡಿಲ ಜಲ್ಲಿಯನ್ನೆಲ್ಲ ಉಳಿಯಿಂದ ಕೆತ್ತಿ, ಗಟ್ಟಿ ಕಾಂಕ್ರೀಟ್ ಸಿಗುವ ತನಕ ಒಳಹೋಗಿ, ತೊಳೆದು, ಎಷ್ಟು ಆಳವಿದೆ ಎಂದು ಎಂಜಿನಿಯರ್ ನೋಡಿದ ಮೇಲೆಯೇ ತುಂಬುವ ಮಾತು. ಕಂಬಿ ಕಾಣುವಷ್ಟು ಆಳವಿದ್ದರೆ ಹೊರುವ ಶಕ್ತಿಯನ್ನೇ ಮತ್ತೆ ಲೆಕ್ಕ ಹಾಕಬೇಕು.

ಕಂಬಿಯ ಸುತ್ತ ಇರುವ ಪದಗಳಲ್ಲಿ ‘ಕವರ್’ ಅತಿ ಚಿಕ್ಕದು, ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು. ಕಾಂಕ್ರೀಟಿನ ಹೊರಮೈಯಿಂದ ಅತಿ ಹೊರಗಿನ ಕಂಬಿಯ ತನಕ ಇರುವ ದಪ್ಪವೇ ಕವರ್. ಅತಿ ಹೊರಗಿನದು ಎಂದರೆ ಬೀಮು, ಕಾಲಂಗಳಲ್ಲಿ ಮುಖ್ಯ ಕಂಬಿಯಲ್ಲ, ಅದನ್ನು ಸುತ್ತಿದ ರಿಂಗು. ತಾರಸಿಗೆ 20 ಮಿ.ಮೀ., ಬೀಮಿಗೆ 25ರಿಂದ 30, ಕಾಲಂಗೆ 40, ಪಾಯದ ಫುಟಿಂಗಿಗೆ 50 ಎಂಬುದು ಸಾಮಾನ್ಯ ಅಳತೆ. ಸಮುದ್ರದ ಗಾಳಿ ಬೀಸುವಲ್ಲಿ ಇದಕ್ಕಿಂತ ಹೆಚ್ಚು ಬೇಕು. ಗಿಲಾವು, ಅಂದರೆ ಪ್ಲಾಸ್ಟರಿಂಗ್, ಈ ಲೆಕ್ಕಕ್ಕೆ ಸೇರುವುದಿಲ್ಲ. ಕಾಂಕ್ರೀಟಿನ ಕ್ಷಾರಗುಣ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಹೊರಗಿನ ಇಂಗಾಲದ ಡೈಆಕ್ಸೈಡ್ ವರ್ಷಗಳ ಕಾಲ ನಿಧಾನವಾಗಿ ಒಳನುಗ್ಗಿ ಆ ಕ್ಷಾರವನ್ನು ತಿನ್ನುತ್ತ ಬರುತ್ತದೆ. ಕವರ್ ಎಷ್ಟು ದಪ್ಪವೋ, ಎಷ್ಟು ಗಟ್ಟಿಯೋ, ಕಂಬಿಗೆ ಅಷ್ಟು ಆಯಸ್ಸು. ತುಕ್ಕಾದ ಕಬ್ಬಿಣ ಮೂಲ ಗಾತ್ರದ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಹಳೆಯ ತಾರಸಿಯ ತಳದಿಂದ ಚಕ್ಕೆ ಉದುರುವುದನ್ನು ‘ಸಿಮೆಂಟ್ ಉದುರುತ್ತಿದೆ’ ಎಂದು ಬರೆಯುತ್ತಾರಲ್ಲ, ಅಲ್ಲಿ ದೂಡುತ್ತಿರುವುದು ಕಂಬಿ. ಈ ಅಂತರ ಉಳಿಯಲೆಂದು ಕಂಬಿಯ ಕೆಳಗಿಡುವ ಕವರ್ ಬ್ಲಾಕಿನ ಬದಲು ಜಲ್ಲಿಕಲ್ಲು, ಇಟ್ಟಿಗೆ ಚೂರು ಇಟ್ಟರೆ ಆಳು ತುಳಿದಾಗ ಅವು ಜಾರುತ್ತವೆ. ಇಟ್ಟಿಗೆ ಚೂರು ನೀರನ್ನೂ ಎಳೆಯುತ್ತದೆ.

ಸಜ್ಜಾ, ಬಾಲ್ಕನಿ ಬಿದ್ದಾಗ ‘ಕಂಬಿ ಕಡಿಮೆ ಹಾಕಿದ್ದರು’ ಎಂಬ ಆರೋಪ ಮೊದಲು ಬರುತ್ತದೆ. ಕಂಬಿ ಸಾಕಷ್ಟಿದ್ದೂ ಬಿದ್ದಿರಬಹುದು. ಕಾಂಕ್ರೀಟ್ ಒತ್ತಿದರೆ ತಾಳುತ್ತದೆ, ಎಳೆದರೆ ಒಡೆಯುತ್ತದೆ. ಎಳೆತ ತಾಳುವ ಶಕ್ತಿ ಒತ್ತಡ ತಾಳುವುದರ ಹತ್ತನೇ ಒಂದರಷ್ಟು. ಆದ್ದರಿಂದ ಎಳೆತ ಬೀಳುವ ಬದಿಯಲ್ಲಿ ಕಂಬಿ ಇರಬೇಕು. ಎರಡು ಗೋಡೆಗಳ ಮೇಲೆ ಕೂತ ತಾರಸಿ ನಡುವೆ ಜಗ್ಗುತ್ತದೆ, ಎಳೆತ ಕೆಳಗೆ. ಹೊರಚಾಚಿದ ಸಜ್ಜಾದ ತುದಿ ಬಾಗುತ್ತದೆ, ಎಳೆತ ಮೇಲೆ. ಮುಖ್ಯ ಕಂಬಿ ಮೇಲ್ಗಡೆ ಇದ್ದು, ಗೋಡೆಯ ಆಚೆಗೂ ಸಾಕಷ್ಟು ಒಳಹೋಗಿರಬೇಕು. ಅದು ಮೇಲೆಯೇ ನಿಲ್ಲಲಿ ಎಂದು ಕೆಳಗೆ ಕುರ್ಚಿಯಾಕಾರದಲ್ಲಿ ಬಗ್ಗಿಸಿದ ತುಂಡು ಕಂಬಿ ಇಡುತ್ತಾರೆ, ಅದಕ್ಕೆ ಹೆಸರೇ ಚೇರ್. ಚೇರ್ ಇಲ್ಲದಿದ್ದರೆ ಕಾಂಕ್ರೀಟ್ ಹಾಕುವವರ ಕಾಲಡಿ ಜಾಲರಿ ಕೆಳಗಿಳಿಯುತ್ತದೆ. ಐದು ಇಂಚು ದಪ್ಪದಲ್ಲಿ ಮೇಲಿನ ಕಂಬಿ ಎರಡು ಇಂಚು ಇಳಿದರೂ ಹೊರುವ ಬಲ ಸರಿಸುಮಾರು ಅರ್ಧವಾಗುತ್ತದೆ. ಬಿಲ್ಲಿನಲ್ಲಿ ಕಂಬಿಯ ತೂಕ ಸರಿಯಾಗಿಯೇ ಇರುತ್ತದೆ! ತೂಕದ ಲೆಕ್ಕ ನೋಡುವವರಿಗೆ ಸೂತ್ರ ಸರಳ: ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿ.ಮೀ. ಕಂಬಿಗೆ 0.89 ಕಿಲೋ.

ಲ್ಯಾಪ್ ಬಗ್ಗೆ ಎರಡು ಮಾತು. ಒಂದು ಕಂಬಿ ಮುಗಿದು ಇನ್ನೊಂದು ಶುರುವಾಗುವಲ್ಲಿ ಎರಡನ್ನೂ ಪಕ್ಕಪಕ್ಕ ಮೇಳೈಸುವ ಉದ್ದ ಅದು. ವ್ಯಾಸದ 50 ಪಟ್ಟು ಎಂಬುದು ರೂಢಿಯ ಲೆಕ್ಕ, 12 ಮಿ.ಮೀ.ಗೆ 600 ಮಿ.ಮೀ. ಅಲ್ಲಿ ಸುತ್ತುವ ಬೈಂಡಿಂಗ್ ವೈರ್ ಕಂಬಿಯನ್ನು ಜಾಗದಲ್ಲಿ ಹಿಡಿಯುತ್ತದೆ ಅಷ್ಟೆ. ಬಲವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಸುತ್ತಲಿನ ಕಾಂಕ್ರೀಟ್. ಎಲ್ಲ ಕಂಬಿಗಳ ಲ್ಯಾಪನ್ನೂ ಒಂದೇ ಎತ್ತರದಲ್ಲಿ ಕೊಟ್ಟರೆ ಅಲ್ಲೊಂದು ದುರ್ಬಲ ಗೆರೆ ಎದ್ದು ನಿಲ್ಲುತ್ತದೆ. ರಿಂಗಿನ ಕೊಕ್ಕೆ 90 ಡಿಗ್ರಿಗೆ ನಿಲ್ಲದೆ 135 ಡಿಗ್ರಿ ಒಳಕ್ಕೆ ಬಾಗಿರಬೇಕು, ಇಲ್ಲವಾದರೆ ಭೂಕಂಪದ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ.

ಲಿಂಟಲ್ ಮತ್ತು ಸಜ್ಜಾ ಒಂದೇ ಅಲ್ಲ: ಬಾಗಿಲು ಕಿಟಕಿಯ ಮೇಲಿನ ಗೋಡೆಯನ್ನು ಹೊರುವುದು ಲಿಂಟಲ್, ಮಳೆ ಬಿಸಿಲಿಗೆ ಅಡ್ಡವಾಗಿ ಅದರಿಂದ ಹೊರಚಾಚುವುದು ಸಜ್ಜಾ. ಪ್ಲಿಂತ್ ಎಂದರೆ ಪಾಯವಲ್ಲ. ನೆಲಮಟ್ಟದಿಂದ ಮನೆಯೊಳಗಿನ ನೆಲದವರೆಗಿನ ಎತ್ತರ.

ಕೊನೆಯದಾಗಿ ‘ಬಿರುಕು’. ‘ಕಟ್ಟಡದಲ್ಲಿ ಬಿರುಕು, ನಿವಾಸಿಗಳ ಆತಂಕ’ ಎಂಬ ಸುದ್ದಿಗೆ ಒಂದು ವಿಶೇಷಣ ಸೇರಿಸಿದರೆ ಎಷ್ಟೋ ಆತಂಕ ತಗ್ಗುತ್ತದೆ, ಕೆಲವೆಡೆ ಸರಿಯಾಗಿಯೇ ಹೆಚ್ಚುತ್ತದೆ. ಗಿಲಾವಿನ ಮೇಲೆ ಭೂಪಟದಂತೆ ಹರಡಿದ ಸಣ್ಣ ಗೆರೆಗಳು ಗಾರೆ ಕುಗ್ಗಿದ್ದರಿಂದ ಬಂದವು. ಕಾಲಂ ಮತ್ತು ಇಟ್ಟಿಗೆ ಗೋಡೆ ಕೂಡುವಲ್ಲಿ ನೆಟ್ಟಗೆ ಏಳುವ ಗೆರೆ, ಎರಡು ಬೇರೆ ವಸ್ತುಗಳು ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ. ಗಿಲಾವಿಗೆ ಮುಂಚೆ ಅಲ್ಲಿ ತಂತಿಬಲೆ ಹೊಡೆದಿದ್ದರೆ ಬಹುಮಟ್ಟಿಗೆ ತಪ್ಪುತ್ತಿತ್ತು. ತಾರಸಿಯ ಕೆಳಗೇ ಗೋಡೆಯುದ್ದಕ್ಕೂ ಅಡ್ಡವಾಗಿ ಓಡುವ ಗೆರೆ ಬಿಸಿಲಿಗೆ ತಾರಸಿ ಹಿಗ್ಗಿದ್ದರ ಗುರುತು. ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಓರೆಯಾಗಿ ಏರುವ ಬಿರುಕು ಕಂಡರೆ ಪಾಯ ಒಂದು ಕಡೆ ಕುಸಿಯುತ್ತಿದೆಯೇ ಎಂದು ನೋಡಬೇಕು. ಬೀಮಿನಲ್ಲಿ ಆಧಾರದ ಹತ್ತಿರ ಓರೆಯಾಗಿ ಬಂದ ಬಿರುಕು, ಕಂಬಿಯ ಗುಂಟ ಕಂದು ಕಲೆಯೊಡನೆ ಸಾಗಿದ ಬಿರುಕು, ಕಾಲಂನಲ್ಲಿ ಯಾವುದೇ ಬಿರುಕು: ಇವು ಎಂಜಿನಿಯರನ್ನು ಅದೇ ದಿನ ಕರೆಸಬೇಕಾದಂಥವು. ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟರೆ ಸಾಕು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಅಂಟಿಸುವ ಕ್ರಮವೂ ಇದೆ. ಅಲುಗಾಟವಿದ್ದರೆ ಗಾಜು ಸೀಳುತ್ತದೆ.

ಈ ಎಲ್ಲವನ್ನೂ ನುಂಗಿಹಾಕುವ ಪದ ‘ಕಳಪೆ ಕಾಮಗಾರಿ’. ನೀರು ಹೆಚ್ಚಾದದ್ದೂ ಕಳಪೆ, ನೀರು ಉಣಿಸದ್ದೂ ಕಳಪೆ, ಆಸರೆ ಬೇಗ ತೆಗೆದದ್ದೂ ಕಳಪೆ. ಓದುಗರಿಗೆ ಸಿಟ್ಟು ಬರುತ್ತದೆ, ಮಾಹಿತಿ ಸಿಗುವುದಿಲ್ಲ. ಸ್ಥಳಕ್ಕೆ ಹೋದ ನಿಮ್ಮ ವರದಿಗಾರರು ಕಾಂಕ್ರೀಟ್ ಹಾಕಿ ಎಷ್ಟು ದಿನವಾಗಿತ್ತು, ಆಸರೆ ಯಾವ ದಿನ ತೆಗೆದರು, ಮುರಿದ ಅಂಚಿನಲ್ಲಿ ಕಂಬಿ ಮೇಲಿದೆಯೋ ಕೆಳಗಿದೆಯೋ, ಘನಾಕೃತಿಗಳನ್ನು ಪರೀಕ್ಷಿಸಿದ ದಾಖಲೆ ಇದೆಯೋ ಇಲ್ಲವೋ ಎಂದು ಕೇಳಿ ಬರೆಯಲಿ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಎಂದೂ ಬರೆಯಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಿವಿಲ್ ಎಂಜಿನಿಯರ್